ಹೊಸ್ತಿಲವ್ವ ಮತ್ತು ಗಂಟಲುಗಳ್ಳರು

ಒಂದಾನೊಂದು ಕಾಲದಲ್ಲಿ, ಆ ಕಾಲ ಹಿಂದೆ ಹೋದದ್ದಲ್ಲ, ಇನ್ನೂ ಮುಂದಿನ ತಿರುವಿನಲ್ಲಿ ನಿಂತು ಉಸಿರು ಸುಧಾರಿಸಿಕೊಳ್ಳುತ್ತಿದೆ, ಒಬ್ಬ ರಕ್ಕಸನಿದ್ದ. ಅವನಿಗೆ ಹತ್ತು ತಲೆಯಿರಲಿಲ್ಲ, ಕೋರೆಹಲ್ಲಿರಲಿಲ್ಲ, ಏಳು ಸಮುದ್ರದಾಚೆಯ ಗಿಳಿಯ ಹೊಟ್ಟೆಯಲ್ಲಿ ಜೀವವೂ ಇರಲಿಲ್ಲ. ಅವನಿಗೆ ಗಂಟಲೇ ಇರಲಿಲ್ಲ. ಅದಕ್ಕೇ ಅವನು ಕಂಡಕಂಡವರ ಗಂಟಲು ಕದಿಯುತ್ತಿದ್ದ. ನೀವು ಬಸ್ಸಿನಲ್ಲಿ ಪಕ್ಕದವರಿಗೆ ಸ್ವಲ್ಪ ಸರೀರಿ ಅಂದರೆ ಸಾಕು, ಆ ಎರಡು ಮಾತಿನಿಂದ ನಿಮ್ಮ ಇಡೀ ಗಂಟಲನ್ನು ಹೊಲಿದುಕೊಳ್ಳುತ್ತಿದ್ದ. ಆಮೇಲೆ ಆ ಗಂಟಲು ತೊಟ್ಟು ನಿಮ್ಮ ತವರಿಗೆ, ಬೀಗರಿಗೆ, ಬಾಲ್ಯದ ಗೆಳತಿಗೆ ಫೋನ್ ಹಚ್ಚಿ ಯಾರಿಗೂ ಬೇಡದ ಸರಕನ್ನು ಮಾರುತ್ತಿದ್ದ.

ಹಳೇ ಕಥೆಯ ರಕ್ಕಸನಾದರೆ ಗುಹೆಯಲ್ಲಿ ಒಬ್ಬನೇ ಇರುತ್ತಿದ್ದ. ಇವನಿಗೆ ಕಚೇರಿಗಳಿದ್ದವು, ಹಗಲು ಪಾಳಿ ಸಂಜೆ ಪಾಳಿ ಇದ್ದವು, ನಡುವೆ ಚಹಾಕ್ಕೆ ಬಿಡುವಿತ್ತು. ಜನ ಅವನನ್ನೂ ಅಲ್ಲಿ ಕೂತು ದುಡಿಯುವವರನ್ನೂ ಒಟ್ಟಿಗೆ ಗಂಟಲುಗಳ್ಳರು ಎಂದು ಕರೆದರು.

ಮುಖವನ್ನೂ ಅವರು ಅಷ್ಟೇ ಸಲೀಸಾಗಿ ಕದಿಯುತ್ತಿದ್ದರಿಂದ ಪರದೆಯಲ್ಲಿ ಮುಖ ನೋಡಿ ಮಾತಾಡುವುದೂ ನಿಂತುಹೋಯಿತು. ಲೋಕ ಮುಳುಗಲಿಲ್ಲ, ಹೊಂದಿಕೊಂಡಿತು. ಹೆಂಡತಿ ಫೋನ್ ಮಾಡಿ ಕೊತ್ತಂಬರಿ ತನ್ನಿ ಎಂದರೆ ಗಂಡ ಮೊದಲು ಬರಿಗೈಯಲ್ಲಿ ಮನೆಗೆ ಬಂದು, ಹೇಳಿದ್ದು ನೀನೇ ತಾನೆ ಎಂದು ಕೇಳಿ, ಮತ್ತೆ ಸಂತೆಗೆ ಹೋಗುತ್ತಿದ್ದ. ತಿಥಿಯ ದಿನ ಸತ್ತವರೇ ಫೋನ್ ಮಾಡಿ ಜೀವವಿಮೆ ಮಾರಿದ್ದೂ ಉಂಟು. ವಿಮೆ ಕೊಂಡ ಮಗ, ಅಪ್ಪ ಬದುಕಿದ್ದಾಗ ಅವನ ಒಂದು ಮಾತೂ ಕೇಳಲಿಲ್ಲ, ಈಗಲಾದರೂ ಕೇಳೋಣ ಅನ್ನಿಸಿತು ಎಂದನಂತೆ.

ಇಂಥ ಕಾಲದಲ್ಲಿ ಗುಳೇದಗುಡ್ಡದ ಒಂದು ಖಣದ ಅಂಗಡಿಯ ಹಿಂದೆ, ಅಂದರೆ ರವಿಕೆ ಬಟ್ಟೆ ಮಾರುವ ಅಂಗಡಿಯ ಹಿಂದಿನ ಮನೆಯಲ್ಲಿ, ಮೂವರು ಹೆಂಗಸರಿದ್ದರು. ಅಜ್ಜಿ ಕಳಕವ್ವ, ಅಂಗಡಿ ನಡೆಸುವ ಸೊಸೆ ಶಾರದಾ, ಮೊಮ್ಮಗಳು ಶಿವಲೀಲಾ. ಶಿವಲೀಲಾ ದಿನಾ ಬೆಳಗಿನ ಬಸ್ಸಿಗೆ ಬಾಗಲಕೋಟೆಗೆ ಹೋಗಿ ಅಲ್ಲಿನ ಧ್ವನಿ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಕೆಲಸದಲ್ಲಿ ಚುರುಕು, ಬಸ್ಸಿನಲ್ಲಿ ಮಂಕು. ಕಿಟಕಿ ಪಕ್ಕ ಕೂತರೆ ಮೋಡದಲ್ಲಿ ರಾಜಕುಮಾರಿಯೊಬ್ಬಳು ಎತ್ತಿನ ಮೇಲೆ ಹೋಗುತ್ತಿರುವುದು ಕಂಡು, ತನ್ನ ನಿಲ್ದಾಣ ದಾಟಿದ ಮೇಲೆ ಎಚ್ಚರಾಗುತ್ತಿದ್ದಳು. ಕಂಡಕ್ಟರನೇ ಅವಳ ಹೆಸರು ಹಿಡಿದು ಇಳಿಸುವ ರೂಢಿಯಾಗಿತ್ತು.

ಕಳಕವ್ವನಿಗೆ ಒಬ್ಬಳು ಅಕ್ಕ, ಅಂಬವ್ವ. ಅರವತ್ತು ವರ್ಷದ ಹಿಂದೆ ಸೊಲ್ಲಾಪುರಕ್ಕೆ ಮದುವೆಯಾಗಿ ಹೋದವಳು. ಕಳಕವ್ವನ ಗಂಡ ಮನೆಅಳಿಯನಾಗಿ ಬಂದದ್ದರಿಂದ ತಂಗಿ ಇದ್ದ ಮನೆಯೇ ಅಕ್ಕನಿಗೆ ತವರು. ಪ್ರತಿ ವರ್ಷ ನಾಗರಪಂಚಮಿಗೆ ಅಂಬವ್ವ ಬಂದು, ಉಂಡಿ ಕಟ್ಟಿ, ಜೋಕಾಲಿ ಆಡಿ, ತಂಗಿಯ ಜೊತೆ ಒಂದೆರಡು ಜಗಳ ತೆಗೆದು ಹೋಗುತ್ತಿದ್ದಳು. ಬಚ್ಚಲಲ್ಲಿ ಜಾರಿ ಬಿದ್ದು ಟೊಂಕ ಮುರಿದ ಮೇಲೆ ಪ್ರಯಾಣ ನಿಂತಿತು. ಕಳಕವ್ವನ ಮಂಡಿಗಳೂ ಅಷ್ಟು ದೂರ ಬರುವುದಿಲ್ಲ ಎಂದವು. ಉಳಿದದ್ದು ಫೋನ್ ಒಂದೇ. ದಿನಾ ದೀಪ ಹಚ್ಚುವ ಹೊತ್ತಿಗೆ ಅಕ್ಕನ ಫೋನ್ ಬರುತ್ತಿತ್ತು. ಮಾತೇನು ದೊಡ್ಡದಲ್ಲ. ಏನು ಪಲ್ಯ ಮಾಡಿದಿ ಎಂದು ಒಬ್ಬಳು, ಬದನೆಕಾಯಿ ಎಂದು ಇನ್ನೊಬ್ಬಳು, ನಿನ್ನೆಯೂ ಅದೇ ಇತ್ತಲ್ಲ ಎಂದು ಮೊದಲಿನವಳು. ಆ ಬದನೆಕಾಯಿಯ ಮೇಲೆ ಎರಡು ಜೀವಗಳು ನಿಂತಿದ್ದವು.

ಹೀಗಿರಲಾಗಿ ಒಂದು ಸಂಜೆ ಅಂಬವ್ವನ ಗಂಟಲು ಫೋನಿನಲ್ಲಿ ಬಂದು, ಮಂಡಿಗೆ ಕಟ್ಟುವ ಬಿಸಿಪಟ್ಟಿಯೊಂದನ್ನು ಬಾಯಿತುಂಬ ಹೊಗಳಿತು. ತನ್ನ ಮಂಡಿ ಈಗ ಹರೆಯದ ಹುಡುಗಿಯ ಮಂಡಿಯಾಗಿದೆ, ನೀನೂ ತರಿಸು ಎಂದಿತು. ಅಕ್ಕ ಹೇಳಿದ ಮೇಲೆ ಇನ್ನೇನು. ಕಳಕವ್ವ ಸೀರೆಯ ಮಡಿಕೆಯಲ್ಲಿ ಕೂಡಿಟ್ಟ ಗಂಟನ್ನು ಬಿಚ್ಚಿ ತರಿಸಿದಳು. ಪಟ್ಟಿ ಬಂತು. ಮಂಡಿಗೆ ಕಟ್ಟಿದರೆ ಬಿಸಿಯಾಗಲಿಲ್ಲ. ತಾಸಿಗೊಮ್ಮೆ ಕೋಳಿಯ ಹಾಗೆ ಕೂಗಿತು. ನಿಲ್ಲಿಸುವ ಗುಂಡಿಯೇ ಇರಲಿಲ್ಲ. ಅಟ್ಟದ ಮೇಲೆ ಎಸೆದರೆ ಅಲ್ಲಿಂದಲೇ ಕೂಗಿತು. ಮಾರನೆಯ ಸಂಜೆ ನಿಜವಾದ ಅಂಬವ್ವ ಫೋನ್ ಮಾಡಿ, ಯಾವ ಪಟ್ಟಿ, ಎಲ್ಲಿಯ ಮಂಡಿ ಎಂದಾಗ ಕಳಕವ್ವ ಫೋನ್ ಕೆಳಗಿಟ್ಟವಳು ಮತ್ತೆ ಎತ್ತಲಿಲ್ಲ.

ಶಿವಲೀಲಾ ಎಷ್ಟು ರಮಿಸಿದರೂ ಅಜ್ಜಿಯದು ಒಂದೇ ಮಾತು.

“ಗಂಟು ಹೋತು, ಹೋಗ್ಲಿ ಬಿಡು. ನಮ್ಮಕ್ಕನ ಬಾಯಾಗ ನಿಂತು ನನಗ ಸುಳ್ಳ ಹೇಳಿದನಲ್ಲ. ಇನ್ನ ಮ್ಯಾಲೆ ಖರೇ ಅಕ್ಕ ಮಾತಾಡಿದ್ರೂ ನನಗ ಹ್ಯಾಂಗ ಗೊತ್ತಾಗಬೇಕ?”

ದೀಪ ಹಚ್ಚುವ ಹೊತ್ತಿಗೆ ಫೋನ್ ಬಡಿದುಕೊಳ್ಳುತ್ತಿತ್ತು. ಅಜ್ಜಿ ಅದರ ಎದುರಿಗೇ ಗೋಡೆಗೊರಗಿ ಕೂತು, ಅದು ನಿಲ್ಲುವ ತನಕ ನೋಡುತ್ತಿದ್ದಳು. ಊಟ ಅರ್ಧಕ್ಕೆ ಬಂತು. ಬದನೆಕಾಯಿ ಕಂಡರೆ ಮುಖ ತಿರುಗಿಸಿದಳು. ಇದನ್ನು ನೋಡಲಾರದೆ ಶಿವಲೀಲಾ ಒಂದು ಸಂಜೆ ಅಜ್ಜಿಯ ಅಂಗೈ ಮೇಲೆ ಕೈಯಿಟ್ಟು, ಪಂಚಮಿಯ ಒಳಗೆ ದೊಡ್ಡಜ್ಜಿಯ ಖರೇ ದನಿಯನ್ನು ನಿನ್ನ ಕಿವಿಗೆ ತಂದು ಮುಟ್ಟಿಸುತ್ತೇನೆ ಎಂದು ಮಾತು ಕೊಟ್ಟಳು. ಕಳಕವ್ವ ಮೊಮ್ಮಗಳ ಮಾತನ್ನು ಗಾಳಿಗೆ ಬಿಡುವವಳಲ್ಲ. ಸೆರಗಿನ ತುದಿಗೆ ಬಿಗಿಯಾಗಿ ಒಂದು ಗಂಟು ಹಾಕಿದಳು. ಕೆಲಸ ಆಗುವ ತನಕ ಆ ಗಂಟು ಬಿಚ್ಚುವಂತಿಲ್ಲ.

ಪ್ರಯೋಗಾಲಯದ ಮುಖ್ಯಸ್ಥರು ಡಾಕ್ಟರ್ ಕೊಣ್ಣೂರ. ಇಸ್ತ್ರಿಯ ಗೆರೆ ಕೆಡದ ಅಂಗಿ, ಗೆರೆ ಕೆಡದ ಮಾತು. ಅವರು ಅದುವರೆಗೆ ಮಾಡಿದ್ದೆಲ್ಲ ಬೀಗಗಳು. ದನಿಯ ಅಲೆಗೊಂದು ಬೀಗ, ಉಸಿರಿಗೊಂದು ಬೀಗ, ಗುಟ್ಟಿನ ಸಂಖ್ಯೆಗೊಂದು ಬೀಗ. ಗಂಟಲುಗಳ್ಳರು ಅವನ್ನೆಲ್ಲ ವಾರದೊಳಗೆ ತೆಗೆದು, ಒಮ್ಮೆಯಂತೂ ಕೊಣ್ಣೂರರ ಗಂಟಲಿನಲ್ಲೇ ಕೊಣ್ಣೂರರಿಗೆ ಫೋನ್ ಮಾಡಿ ಬೀಗ ಮಾರಲು ನೋಡಿದ್ದರು.

ಶಿವಲೀಲಾ ಅವರ ಮುಂದೆ ನಿಂತು, ಬೀಗ ಬೇಡ ಸರ್, ಬಾಗಿಲು ತಡೆಯೋಣ ಎಂದಳು. ಆ ಸೀಮೆಯ ಮದುವೆಗಳಲ್ಲಿ ಹೊಸ ಗಂಡಹೆಂಡಿರು ಹೊಸ್ತಿಲಿಗೆ ಬಂದಾಗ ಹೆಂಗಸರು ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರನ್ನು ಸುಮ್ಮನೆ ಹೇಳಿದರೆ ನಡೆಯದು, ಪ್ರಾಸ ಕೂಡಿಸಿ ಪದ್ಯದೊಳಗೆ ಹೆಣೆದು ಹೇಳಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ಗಂಡನೂ ಹೆಂಡತಿಯ ಹೆಸರಿಟ್ಟು ಒಡಪು ಹಾಕಬೇಕು. ಹಾಕುವ ತನಕ ಒಳಗೆ ಬಿಡುವುದಿಲ್ಲ. ಗಂಟಲುಗಳ್ಳರ ಯಂತ್ರಗಳು ಕಲಿತಿರುವುದು ಬರೀ ಮಾರಾಟದ ಮಾತು, ಅವಕ್ಕೆ ಒಡಪು ಎಲ್ಲಿಂದ ಬರಬೇಕು ಎಂಬುದು ಅವಳ ಲೆಕ್ಕ. ಕೊಣ್ಣೂರರು ವಿಜ್ಞಾನದೊಳಗೆ ಬೀಗರ ಪಂಕ್ತಿ ತರಬೇಡಮ್ಮಾ ಎಂದರು. ಆದರೆ ಅವರ ಹತ್ತಿರವೂ ಬೇರೆ ಬೀಗ ಉಳಿದಿರಲಿಲ್ಲ.

ಹೀಗೆ ಹುಟ್ಟಿದಳು ಹೊಸ್ತಿಲವ್ವ. ಅಂಗೈಯಗಲದ ಪೆಟ್ಟಿಗೆ, ಫೋನಿಗೆ ಅಂಟಿಸಿದರೆ, ಬಂದ ಕರೆಯನ್ನು ಮೊದಲು ಅದೇ ಎತ್ತಿಕೊಂಡು, ಕರೆ ಯಾರಿಗೋ ಅವರ ಹೆಸರಿಟ್ಟು ಒಡಪು ಹಾಕು ಎಂದು ಕೇಳುತ್ತದೆ. ಅದಕ್ಕೊಂದು ದನಿ ಬೇಕಿತ್ತು. ಗುಳೇದಗುಡ್ಡದ ಯಾವ ಮದುವೆಯಲ್ಲೂ ಬಾಗಿಲು ತಡೆಯಲು ಮೊದಲ ಕರೆ ಹೋಗುತ್ತಿದ್ದದ್ದು ಶಾರದಾಳಿಗೆ. ಅವಳ ಕೊಂಕಿಗೆ ಸಿಕ್ಕು ಪೊಲೀಸ್ ಇಲಾಖೆಯ ಮದುಮಗನೊಬ್ಬ ಬೆವರೊರೆಸಿಕೊಂಡ ಕಥೆ ಜನಜನಿತ. ನಿನ್ನ ಗಂಟಲು ಕದ್ದಾರು ಎಂದು ಮಗಳು ಎಚ್ಚರಿಸಿದರೆ, ಕದ್ದವನೇ ಪಶ್ಚಾತ್ತಾಪಪಟ್ಟಾನು ಎಂದು ಶಾರದಾ ಅಂಗಡಿ ಮುಚ್ಚಿ ಬಂದು ಸಾವಿರ ಕೊಂಕುಮಾತು ತುಂಬಿಸಿ ಹೋದಳು. ಅಂದಿನಿಂದ ಶಿವಲೀಲಾಳಿಗೆ ಮನೆಯಲ್ಲೂ ಅವ್ವನ ಬೈಗುಳ, ಪ್ರಯೋಗಾಲಯದಲ್ಲೂ ಅವ್ವನ ಬೈಗುಳ.

ಮೊದಲ ಪೆಟ್ಟಿಗೆಯನ್ನು ಕೊಣ್ಣೂರರ ಮನೆಯ ಫೋನಿಗೇ ಹಚ್ಚಿದರು. ಮಧ್ಯಾಹ್ನ ಅವರು ಊಟಕ್ಕೆ ತಡವಾಗುತ್ತದೆ ಎಂದು ಹೇಳಲು ಹೆಂಡತಿಗೆ ಫೋನ್ ಮಾಡಿದರು. ಸಿಬ್ಬಂದಿಯೆಲ್ಲ ಪರೀಕ್ಷೆ ನೋಡಲು ಸುತ್ತ ನೆರೆದಿತ್ತು.

“ಯಾರಪಾ ಅದು ನಡಹೊಸ್ತಿಲಾಗ?” ಎಂದಿತು ಪೆಟ್ಟಿಗೆ, ಶಾರದಾಳ ದನಿಯಲ್ಲಿ. “ಹೆಂಡ್ತಿ ಹೆಸರ ಹೇಳಿ ಒಳಗ ಬಾ.”

ಕೊಣ್ಣೂರರು ಕೆಮ್ಮಿದರು. ಅತ್ತ ನೋಡಿದರು, ಇತ್ತ ನೋಡಿದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದು ರೇಷನ್ ಕಾರ್ಡಿನ ಕಚೇರಿಯಲ್ಲಿ ಮಾತ್ರ.

“ಗಿಡದಾಗ ಗಿಳಿ, ಗಿಳಿ ಬಾಯಾಗ ಹಣ್ಣ,” ಎಂದರು. ಕತ್ತಿನ ಬುಡದಿಂದ ಕೆಂಪು ಏರತೊಡಗಿತು. “ಮಂಗಲಾ ಅಂದ್ರ... ಮಂಗಲಾ ಅಂದ್ರ... ನನ್ನ ಹೆಂಡ್ತಿ.”

“ಪ್ರಾಸ ಇಲ್ಲ. ಹೊರಗ ನಿಲ್ಲು,” ಎಂದು ಪೆಟ್ಟಿಗೆ ಫೋನ್ ಇಟ್ಟಿತು. ಕೆಂಪು ಅವರ ಕಿವಿಯ ತುದಿ ಮುಟ್ಟಿತ್ತು. ಶಿವಲೀಲಾ ನಗು ತಡೆಯಲು ತುಟಿ ಕಚ್ಚಿಕೊಂಡು ಆ ದನಿಯ ಮುದ್ರಿಕೆಯನ್ನು ಎತ್ತಿಟ್ಟಳು. ವಿಜ್ಞಾನಕ್ಕಾಗಿ ಅಲ್ಲ, ಅಜ್ಜಿಯನ್ನು ನಗಿಸಲು.

ಹೊಸ್ತಿಲವ್ವ ಊರೂರಿಗೆ ಹಬ್ಬಿದಳು. ಗಂಟಲುಗಳ್ಳರು ಕಕ್ಕಾಬಿಕ್ಕಿಯಾದರು. ಜನ ಮತ್ತೆ ಹೊಂದಿಕೊಂಡರು. ಗ್ಯಾಸ್ ಸಿಲಿಂಡರಿನವನು ಕೇರಿಯ ಹೆಸರಿಗೊಂದರಂತೆ ಒಡಪು ಕಟ್ಟಿಕೊಂಡ. ಹೈಸ್ಕೂಲಿನ ಹೆಡ್ ಮಾಸ್ತರರು ಪಾಲಕರಿಗೆ ಫೋನ್ ಮಾಡುವ ಮೊದಲು ಕಿಟಕಿಯ ಬಳಿ ನಿಂತು ತುಟಿ ಅಲುಗಿಸುವುದನ್ನು ಕಂಡು ಮಕ್ಕಳು ಭಯಪಟ್ಟರು. ಸೋಮವಾರದ ಸಂತೆಯಲ್ಲಿ ಒಬ್ಬಾಕೆ ಸೊಪ್ಪಿನ ಜೊತೆ ತಾಜಾ ಒಡಪನ್ನೂ ಮಾರಿದಳು. ಮೆಂತ್ಯದ ಸೂಡು ಕೊಂಡವರಿಗೆ ಒಡಪು ಪುಕ್ಕಟೆ.

ಕಳಕವ್ವನ ಫೋನಿಗೂ ಪೆಟ್ಟಿಗೆ ಬಂತು. ಆದರೆ ಅಂಬವ್ವ ದಾಟಲಿಲ್ಲ. ಆಕೆಗೆ ಒಡಪು ಎಂಬುದು ಹುಟ್ಟಿನಿಂದ ಒಲಿದದ್ದಲ್ಲ. ಮದುವೆಯ ದಿನ ಸೊಲ್ಲಾಪುರದ ಹೊಸ್ತಿಲಲ್ಲಿ ಹೆಂಗಸರು ಅಡ್ಡ ನಿಂತಾಗ, ಹಾಲಿನ ಕೆನಿ, ಮೊಸರಿನ ಗಡಿಗಿ ಎಂದು ಶುರುಮಾಡಿ, ಮುಂದಿನದು ಮರೆತು, ಗಂಡನ ಹೆಸರನ್ನೂ ನುಂಗಿ, “ದಾರಿ ಬಿಡ್ರಿ, ನನಗ ಹಸಿವ್ಯಾಗೇತಿ” ಎಂದುಬಿಟ್ಟಿದ್ದಳು. ಅಕ್ಕನ ಸೆರಗು ಹಿಡಿದು ಜೊತೆಗೆ ಹೋಗಿದ್ದ ಪುಟ್ಟ ಕಳಕವ್ವ ಅಂದು ನಕ್ಕ ನಗು ಅರವತ್ತು ವರ್ಷವಾದರೂ ಪೂರ್ತಿ ನಿಂತಿರಲಿಲ್ಲ. ಅಂಥವಳನ್ನು ಈಗ ಪೆಟ್ಟಿಗೆ ದಿನಾ ಸಂಜೆ ಹೊರಗೆ ನಿಲ್ಲಿಸಿತು. ಕೆಲವು ದಿನ ಸಹಿಸಿದಳು. ಕಡೆಗೆ, ತವರಿನ ಬಾಗಿಲಿಗೆ ಪೆಟ್ಟಿಗೆಯನ್ನು ಕಾವಲಿಟ್ಟವರ ಮನೆಗೆ ಇನ್ನು ಫೋನ್ ಹಚ್ಚುವುದಿಲ್ಲ ಎಂದು ಆಣೆ ಮಾಡಿದ್ದಾಗಿ ತನ್ನ ಸೊಸೆಯ ಕೈಲಿ ಹೇಳಿಕಳಿಸಿದಳು.

ಅಷ್ಟರಲ್ಲಿ ಇನ್ನೊಂದು ಅನಾಹುತ. ಒಂದು ಮಧ್ಯಾಹ್ನ ಶಿವಲೀಲಾ ಮನೆಗೆ ಬಂದರೆ ಪಡಸಾಲೆಯ ತುಂಬ ಮೀಸೆ ಬೆಳೆಸುವ ಎಣ್ಣೆಯ ಸೀಸೆಗಳು. ಮನೆಯಲ್ಲಿ ಮೀಸೆಯ ಆಸೆಯಿದ್ದವರು ಯಾರೂ ಇರಲಿಲ್ಲ. ಶಾರದಾ ತಲೆ ತಗ್ಗಿಸಿ ಒಪ್ಪಿಕೊಂಡಳು: ಫೋನ್ ಮಾಡಿದವನು ಎಂಥ ಒಡಪು ಹಾಕಿದನೆಂದರೆ, ಅಂಥದ್ದನ್ನು ಕೇಳಿ ಬರಿಗೈಲಿ ಕಳಿಸುವುದು ಸರಿಯಲ್ಲ ಅನ್ನಿಸಿತಂತೆ. ಗಂಟಲುಗಳ್ಳರ ಯಂತ್ರಗಳು ಒಡಪು ಕಲಿತಿದ್ದವು. ಬರೀ ಕಲಿತದ್ದಲ್ಲ, ಊರಿನವರನ್ನು ಮೀರಿಸಿದ್ದವು. ಕಳ್ಳರೆಲ್ಲ ಹೊಸ್ತಿಲು ದಾಟಿ ಒಳಗೆ, ಖರೇ ನೆಂಟರೆಲ್ಲ ಪ್ರಾಸ ತಪ್ಪಿ ಹೊರಗೆ.

ಪಂಚಮಿ ಹತ್ತಿರ ಬಂದಾಗ ಆದದ್ದು ಎಲ್ಲಕ್ಕಿಂತ ಕೆಟ್ಟದ್ದು. ದೀಪದ ಹೊತ್ತಿಗೆ ಫೋನ್ ಮೊಳಗಿತು. ಪೆಟ್ಟಿಗೆ ಒಡಪು ಕೇಳಿತು. ಅಂಬವ್ವನ ದನಿ, ಒಂದು ಚೂರೂ ತಡವರಿಸದೆ, ಹಾಡಿದ ಹಾಗೆ ಹೇಳಿತು:

“ಗುಳೇದಗುಡ್ಡದ ಖಣ, ಇಳಕಲ್ಲ ಸೀರಿ,
ಕಳಕವ್ವ ನನ್ನ ತಂಗಿ, ಕೇಳಲಿ ಊರು ಕೇರಿ.”

ಅಗಳಿ ಸರಿದ ಸದ್ದು ಮಾಡಿ ಪೆಟ್ಟಿಗೆ ದಾರಿ ಬಿಟ್ಟಿತು. ದೊಡ್ಡಜ್ಜಿ ಕಡೆಗೂ ಆಣೆ ಮುರಿದು ಒಡಪು ಕಲಿತಳು, ಗೆದ್ದೆವು ಎಂದುಕೊಂಡು ಶಿವಲೀಲಾ ಫೋನನ್ನು ಅಜ್ಜಿಯ ಕೈಗಿತ್ತಳು. ಕಳಕವ್ವ ಅದನ್ನು ಕಿವಿಯವರೆಗೆ ತಂದವಳು ಅಲ್ಲೇ ತಡೆದಳು. ಎದ್ದು ಅಡುಗೆಮನೆಗೆ ಹೋಗಿ, ಫೋನನ್ನೂ ಪೆಟ್ಟಿಗೆಯನ್ನೂ ಜೋಳದ ಹಿಟ್ಟಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

“ನಮ್ಮಕ್ಕ ಇಷ್ಟ ಚಂದ ಒಡಪಾ ಹಾಕಾಂಗಿಲ್ಲ. ಸತ್ತ ಹುಟ್ಟಿ ಬಂದ್ರೂ ಹಾಕಾಂಗಿಲ್ಲ,” ಎಂದಳು.

ಡಬ್ಬಿಯೊಳಗಿನಿಂದ ಅಂಬವ್ವನ ಗಂಟಲು ಹೊಸ ಮಾದರಿಯ ಬಿಸಿಪಟ್ಟಿಯನ್ನು ಹೊಗಳುವುದು ಮೆಲ್ಲಗೆ ಕೇಳುತ್ತಿತ್ತು. ಅಟ್ಟದ ಮೇಲಿನ ಹಳೇ ಪಟ್ಟಿ ಅದಕ್ಕೆ ಓಗೊಟ್ಟ ಹಾಗೆ ಕೂಗಿತು.

ಶಿವಲೀಲಾ ಒಲೆಯ ಪಕ್ಕ ಮಂಡಿ ತಬ್ಬಿ ಕೂತಳು. ಅಜ್ಜಿಯ ಸೆರಗಿನ ಗಂಟು ಎದುರಿಗೇ ತೂಗುತ್ತಿತ್ತು. ಯಂತ್ರ ಮನುಷ್ಯರಿಗಿಂತ ಚೆನ್ನಾಗಿ ಪ್ರಾಸ ಕೂಡಿಸಿದರೆ ಇನ್ನು ಬಾಗಿಲು ತಡೆದು ಏನು ಪ್ರಯೋಜನ ಎಂದು ಅವಳು ಅವ್ವನ ಮುಂದೆ ಗೋಳಾಡಿದಳು. ಶಾರದಾ ರೊಟ್ಟಿ ತಟ್ಟುವ ಕೈ ನಿಲ್ಲಿಸಿ, ತನ್ನ ಮಗಳು ಇಷ್ಟು ದಡ್ಡಿ ಎಂದು ಈಗಷ್ಟೇ ತಿಳಿದವಳ ಹಾಗೆ ನೋಡಿದಳು.

“ಪ್ರಾಸ ಯಾರಿಗೆ ಬೇಕಾಗಿತ್ತವಾ? ಬಾಯಿಪಾಠ ಮಾಡಿ ಪಟಪಟ ಹೇಳೋ ಸೊಸಿನ್ನ ನಾವು ಒಳಗ ಬಿಟ್ಟಿದ್ದು ಯಾವಾಗ? ಇನ್ನೊಂದು ಹಾಕು, ಮತ್ತೊಂದು ಹಾಕು ಅಂತ ಕಾಡತೀವಿ. ಅಕಿ ಮಾರಿ ಕೆಂಪಾಗಬೇಕು, ಇಲ್ಲಾ ನಡುವ ಬಾಯಿ ಹಾಕಿ ನಮಗ ಬೈಬೇಕು. ಆವಾಗ ಬಾಗಲಾ ಬಿಡತೀವಿ. ಒಡಪಾ ಬರೇ ನೆವಾ.”

ಶಿವಲೀಲಾ ಎದ್ದುನಿಂತಳು. ಮೀಸೆ ಎಣ್ಣೆಯವನಿಗೆ ಹಾಗಾದರೆ ಯಾಕೆ ಮರುಳಾದೆ ಎಂದು ಕೇಳುವಷ್ಟು ವ್ಯವಧಾನವೂ ಅವಳಿಗಿರಲಿಲ್ಲ.

ಮರುದಿನ ಅವಳು ನಿಲ್ದಾಣ ತಪ್ಪಿಸಿಕೊಳ್ಳದೆ ಇಳಿದದ್ದು ಕಂಡು ಕಂಡಕ್ಟರನೇ ಬೆರಗಾದ. ಪ್ರಯೋಗಾಲಯದಲ್ಲಿ ಅವಳು ಎರಡು ದನಿಗಳನ್ನು ಅಕ್ಕಪಕ್ಕ ಇಟ್ಟು ಮತ್ತೆ ಮತ್ತೆ ಕೇಳಿದಳು: ಕಳ್ಳನ ಚಂದದ ಒಡಪು, ಮತ್ತು ಕೊಣ್ಣೂರರ ಗಿಡದಾಗ ಗಿಳಿ. ಕಳ್ಳನ ಯಂತ್ರ ಪೆಟ್ಟಿಗೆಯ ಕೊಂಕನ್ನು ಕೊನೆಯ ಅಕ್ಷರದವರೆಗೂ ಮರ್ಯಾದೆಯಿಂದ ಕೇಳಿ, ಆಮೇಲೆ ಬಾಯಿ ತೆರೆದಿತ್ತು. ಮನುಷ್ಯರು ಹಾಗೆ ಮಾಡುವುದಿಲ್ಲ. ಬೈಗುಳವನ್ನು ಪೂರ್ತಿ ಕೇಳುವ ತಾಳ್ಮೆ ಲೋಕದಲ್ಲಿ ಯಾರಿಗಿದೆ? ಅರ್ಧಕ್ಕೇ ಉತ್ತರ ಹಾರುತ್ತದೆ. ಇನ್ನು ನಾಚಿದಾಗ ರಕ್ತ ಮುಖಕ್ಕಷ್ಟೇ ಏರುವುದಿಲ್ಲ, ಗಂಟಲಿನ ತಂತುಗಳಿಗೂ ನುಗ್ಗುತ್ತದೆ. ದನಿ ಕೂದಲೆಳೆಯಷ್ಟು ದಪ್ಪವಾಗಿ ನಡುಗುತ್ತದೆ. ಕೊಣ್ಣೂರರ ಮಂಗಲಾ ಎಂಬ ಶಬ್ದದಲ್ಲಿ ಆ ನಡುಕ ಗೆಜ್ಜೆಯ ಹಾಗೆ ಕೇಳುತ್ತಿತ್ತು.

ಯಂತ್ರದ ಬದಲು ಕಳ್ಳನೇ ಖುದ್ದಾಗಿ ಕೂತು ಬೈದರೆ ಏನು ಮಾಡುತ್ತೀ ಎಂದು ಕೊಣ್ಣೂರರು ಕೇಳಿದರು. ಅದಕ್ಕೂ ಉತ್ತರ ಸಿಕ್ಕಿತು. ಇನ್ನೊಬ್ಬರ ಗಂಟಲು ತೊಟ್ಟು ಬೈಯುವವನ ಬೈಗುಳ ಮೊದಲು ತನ್ನ ಬಾಯಿಂದ ಹೊರಟು, ಆ ಎರವಲು ಗಂಟಲನ್ನು ಹಾದು ಬರಬೇಕು. ಆ ಹಾದಿಗೆ ಹಿಡಿಯುವುದು ರೆಪ್ಪೆ ಬಡಿಯುವಷ್ಟು ಹೊತ್ತು. ಸಾದಾ ಮಾತಿನಲ್ಲಿ ಅದು ಗೊತ್ತೇ ಆಗುವುದಿಲ್ಲ, ಜಗಳದಲ್ಲಿ ಗೊತ್ತಾಗುತ್ತದೆ. ತಡವಾಗಿ ಬಂದ ಸಿಟ್ಟು ಎರವಲು ಸಿಟ್ಟು.

ಹೊಸ ಹೊಸ್ತಿಲವ್ವ ಪ್ರಾಸ ನೋಡುವುದನ್ನು ಬಿಟ್ಟಳು. ಕೆಣಕುವುದು, ನಡುಕ ಅಳೆಯುವುದು, ಎದುರುತ್ತರ ಎಷ್ಟು ಬೇಗ ಬಂತೆಂದು ನೋಡುವುದು, ಇಷ್ಟೇ. ಪೆಟ್ಟಿಗೆಯ ಮೇಲೊಂದು ಮುಳ್ಳು ಕೂತಿತು. ನಾಚಿಕೆ ಸಿಟ್ಟು ಎರಡನ್ನೂ ಕೂಡಿಸಿ ಅಳೆಯಲು ಒಂದು ಮಾನ ಬೇಕಿತ್ತು. ಅಂದು ಕಿವಿಯ ತುದಿಯವರೆಗೆ ಏರಿದ ಕೆಂಪನ್ನು ಒಂದು ಎಂದು ಹಿಡಿದು, ಅದಕ್ಕೆ ಒಂದು ಕೊಣ್ಣೂರ ಎಂದು ಸಿಬ್ಬಂದಿ ಒಮ್ಮತದಿಂದ ಹೆಸರಿಟ್ಟಿತು. ಕೊಣ್ಣೂರರು ಬಲವಾಗಿ ವಿರೋಧಿಸಿದರು. ಆ ವಿರೋಧ ಒಂದೂಕಾಲು ಕೊಣ್ಣೂರ ತೋರಿಸಿತು. ಬಾಗಿಲು ತೆರೆಯಲು ಮೂರು ಕೊಣ್ಣೂರ ಬೇಕು ಎಂದು ಗೊತ್ತುಮಾಡಿದರು.

ಪಂಚಮಿ ಬಂತು. ಪಡಸಾಲೆಯ ತೊಲೆಗೆ ಶಾರದಾ ಜೋಕಾಲಿ ಕಟ್ಟಿದಳು. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ತಟ್ಟೆಯಲ್ಲಿ ಕೂತವು. ಕಳಕವ್ವ ಹುತ್ತಕ್ಕೆ ಹಾಲೆರೆದು ಬಂದವಳು ಜೋಕಾಲಿಯಲ್ಲಿ ಕೂತು, ಕಾಲು ನೆಲಕ್ಕೂರಿ, ತೂಗದೆ ಇದ್ದಳು. ಅಕ್ಕನಿಲ್ಲದ ಪಂಚಮಿ ಅವಳಿಗೆ ಪಂಚಮಿಯೇ ಅಲ್ಲ. ಹೊಸ ಪೆಟ್ಟಿಗೆ ಹಚ್ಚಿದ ಫೋನನ್ನು ಆಕೆ ಯಥಾಪ್ರಕಾರ ಹಿಟ್ಟಿನ ಡಬ್ಬಿಗೇ ಹಾಕಿಸಿದ್ದಳು. ಮುಚ್ಚಳ ಮಾತ್ರ ಶಿವಲೀಲಾ ತೆಗೆದಿಟ್ಟಿದ್ದಳು.

ಈಗ ಅಂಬವ್ವ ಆಣೆ ಮುರಿದು ಫೋನ್ ಹಚ್ಚಬೇಕು. ಹಚ್ಚದಿದ್ದರೆ ಜಗತ್ತಿನ ಯಾವ ಮುಳ್ಳೂ ಅಲುಗುವುದಿಲ್ಲ. ಶಿವಲೀಲಾ ತನ್ನ ಫೋನಿನಿಂದ ಸೊಲ್ಲಾಪುರಕ್ಕೆ ಕರೆ ಮಾಡಿದಳು. ಎತ್ತಿದ್ದು ಅಂಬವ್ವನ ಸೊಸೆ. ಅತ್ತೆಯವರು ಆ ಪೆಟ್ಟಿಗೆ ಮಾಡಿದ ಹುಡುಗಿಯ ಜೊತೆ ಮಾತಾಡುವುದಿಲ್ಲವಂತೆ ಎಂದಳು. ಹಿಂದಿನಿಂದ ಅತ್ತೆಯವರೇ ಅದನ್ನು ಹೇಳಿಕೊಡುತ್ತಿರುವುದು ಕೇಳುತ್ತಿತ್ತು. ಮಾತಾಡುವುದು ಬೇಡ, ಒಂದು ಸುದ್ದಿ ಮುಟ್ಟಿಸಿದರೆ ಸಾಕು ಎಂದು ಶಿವಲೀಲಾ ದನಿ ಎತ್ತರಿಸಿದಳು:

“ದೊಡ್ಡಜ್ಜಿಗೆ ಹೇಳ್ರಿ, ಅವರ ಕೈಲೆ ಗುಳೇದಗುಡ್ಡದ ಹೊಸ್ತಿಲಾ ದಾಟೂದು ಈ ಜನ್ಮದಾಗ ಆಗಾಂಗಿಲ್ಲಂತ. ನಮ್ಮವ್ವ ಅಂದಾಳ.”

ಶಾರದಾ ಬಾಗಿಲಲ್ಲಿ ನಿಂತು, ತಾನು ಯಾವಾಗ ಅಂದೆ ಎಂದು ಕಣ್ಣಲ್ಲೇ ಕೇಳಿದಳು. ಒಲೆಯ ಮೇಲಿನ ಹಾಲು ಉಕ್ಕುವ ಮೊದಲೇ ಹಿಟ್ಟಿನ ಡಬ್ಬಿ ಮೊಳಗಿತು.

“ಯಾರವ್ವಾ ಅದು ನಡಹೊಸ್ತಿಲಾಗ? ತಂಗಿ ಹೆಸರ ಹೇಳಿ ಒಳಗ ಬಾ,” ಎಂದಿತು ಪೆಟ್ಟಿಗೆ ಡಬ್ಬಿಯೊಳಗಿನಿಂದ.

“ಅಂಬವ್ವ ಅದೀನಿ. ಬಾಗಲಾ ತಗಿ.”

“ಸುಮ್ಮಸುಮ್ಮನ ತಗ್ಯಾಕ ಇದೇನ ಧರ್ಮಛತ್ರ ಅನ್ಕೊಂ...”

“ಯಾರಿಗೆ ಧರ್ಮಛತ್ರ ಅಂತೀ ಶಾರದೀ? ಆ ಹೊಸ್ತಿಲಾ ಸಾರಿಸಿ ನಾ ರಂಗೋಲಿ ಹಾಕುವಾಗ ನಿಮ್ಮತ್ತಿ ತೊಟ್ಟಲದಾಗ ಕಾಲು ಬಡೀತಿದ್ಲು.”

ಮುಳ್ಳು ಒಂದೂವರೆ ಕೊಣ್ಣೂರಕ್ಕೆ ಜಿಗಿಯಿತು. ಶಾರದಾ ಒಳಗಿನಿಂದ, ನಾನಲ್ಲ ದೊಡ್ಡತ್ತಿ, ಪೆಟ್ಟಿಗೆ ಎನ್ನಲು ಬಾಯಿ ತೆರೆದಳು; ಶಿವಲೀಲಾ ಅವ್ವನ ಬಾಯಿಗೆ ಒಂದು ಶೇಂಗಾ ಉಂಡಿ ತುರುಕಿದಳು. ಕಳಕವ್ವ ಜೋಕಾಲಿಯಲ್ಲಿ ಅಲುಗದೆ ಕೂತಿದ್ದಳು. ಅವಳ ಕಿವಿ ಮಾತ್ರ ಡಬ್ಬಿಯ ಕಡೆಗಿತ್ತು.

“ಮಾತಿಗೇನು ಕಮ್ಮಿ ಇಲ್ಲ, ಒಡಪಾ ಅಷ್ಟ ಬರಾಂಗಿಲ್ಲ,” ಎಂದಿತು ಪೆಟ್ಟಿಗೆ. “ಸೊಲ್ಲಾಪುರದಾಗ ಬರೇ ಚಾದರ ಹೊದ್ಕೊಂಡು ಮಲಗೂದ...”

“ಬರತೈತಿ, ಯಾಕ ಬರಾಂಗಿಲ್ಲ? ಕೇಳಿಲ್ಲಿ. ಹಾಲಿನ ಕೆನಿ, ಮೊಸರಿನ ಗಡಿಗಿ...” ದನಿ ನಿಂತಿತು. ಉಸಿರೊಂದು ಒಳಗೆ ಹೋಯಿತು. “ಮೊಸರಿನ ಗಡಿಗಿ... ಕಳಕವ್ವ... ಕಳಕವ್ವ ನನ್ನ...”

ಮುಳ್ಳು ನಡುಗುತ್ತ ಎರಡು ದಾಟಿ ನಿಂತುಬಿಟ್ಟಿತು. ಫೋನ್ ಇಟ್ಟುಬಿಟ್ಟರೆ ಎಂದು ಶಿವಲೀಲಾ ಡಬ್ಬಿಯ ಮೇಲೆ ಬಗ್ಗಿ ಕಿವಿಗೊಟ್ಟಳು.

ಆಗ ಅಟ್ಟದ ಮೇಲಿನ ಬಿಸಿಪಟ್ಟಿ, ತನ್ನ ತಾಸು ತುಂಬಿದ್ದಕ್ಕೆ, ಕೋಳಿಯ ಹಾಗೆ ಉದ್ದಕ್ಕೆ ಕೂಗಿತು.

“ಅಯ್ಯ, ಲಿಂಗ ಕಟ್ಟಿದ ಮನ್ಯಾಗ ಕೋಳಿ ಯಾವಾಗ ಸಾಕಿದ್ರಿ?” ಎಂದಿತು ಸೊಲ್ಲಾಪುರ. ಆ ಮಾತು ಮುಗಿಯುವ ಮೊದಲೇ ಅದರ ನಡುವಿನಿಂದ ಒಂದು ನಗು ಬಿಕ್ಕಳಿಕೆಯ ಹಾಗೆ ಒಡೆದು ಬಂತು. ತಡೆಯಲು ನೋಡಿದಷ್ಟೂ ಸಡಿಲಾಗಿ, ಕೆಮ್ಮಾಗಿ, ಮತ್ತೆ ನಗುವಾಗಿ, “ಬಾಗಲಾ ತಗಿಯೇ ಕಳಕಿ, ನಿಂತ ನಿಂತ ನನ್ನ ಟೊಂಕ ಬಿದ್ದ ಹೋತು” ಎಂದಿತು.

ಮುಳ್ಳು ಮೂರನ್ನೂ ನಾಲ್ಕನ್ನೂ ದಾಟಿ ಕೊನೆಯ ಗೂಟಕ್ಕೆ ಬಡಿಯಿತು. ಅಗಳಿ ಸರಿದ ಸದ್ದಾಯಿತು.

ಕಳಕವ್ವ ಅದನ್ನು ನೋಡಲೇ ಇಲ್ಲ. ಮೊದಲ ಬಿಕ್ಕಳಿಕೆಗೇ ಅವಳು ಜೋಕಾಲಿಯಿಂದ ಇಳಿದಾಗಿತ್ತು. ಮಂಡಿಯ ನೋವು ನೆನಪಾಗದೆ ಅಡುಗೆಮನೆಗೆ ನಡೆದು, ಡಬ್ಬಿಗೆ ಮೊಣಕೈವರೆಗೆ ಕೈ ಹಾಕಿ, ಹಿಟ್ಟು ಸುರಿಯುವ ಫೋನನ್ನು ಎತ್ತಿ ಕಿವಿಗಿಟ್ಟಳು. ಕೆನ್ನೆ, ಕಿವಿಯೋಲೆ, ಕುಂಕುಮದ ಪಕ್ಕದ ಹಣೆ ಎಲ್ಲ ಬೆಳ್ಳಗಾಯಿತು.

“ಹಸದೀ ಏನಕ್ಕಾ?” ಎಂದಳು.

ಆಚೆಯಿಂದ ಏನು ಉತ್ತರ ಬಂತೋ ಶಿವಲೀಲಾಳಿಗೆ ಕೇಳಲಿಲ್ಲ. ಇಂದೇನು ಪಲ್ಯ ಎಂದು ಕೇಳಿರಬೇಕು, ಏಕೆಂದರೆ ಅಜ್ಜಿ ಬದನಿಕಾಯಿ ಎಂದಳು. ಆಮೇಲೆ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಬಾಗಿಲಲ್ಲಿ ಹಲ್ಲು ಕಿರಿಯುತ್ತ ನಿಂತ ತಾಯಿಮಗಳಿಗೆ ಆಚೆ ಹೋಗಿ ಎಂದು ಕೈಬೀಸಿ, ಗೋಡೆಯ ಕಡೆ ತಿರುಗಿ ಕೂತಳು. ಬಿಡುವಾದ ಎರಡೂ ಕೈಗಳಿಂದ ಸೆರಗಿನ ತುದಿ ಹುಡುಕಿ, ಹಿಟ್ಟಿನ ಬೆರಳುಗಳಲ್ಲಿ ಆ ಗಂಟನ್ನು ನಿಧಾನವಾಗಿ ಬಿಚ್ಚತೊಡಗಿದಳು. ಬಿಗಿಯಾಗಿತ್ತು. ಕೊನೆಗೆ ಹಲ್ಲು ಹಚ್ಚಿ ಎಳೆದಳು. ಬಿಚ್ಚಿತು.